ಸೌದೆಯಿಂದ ಅನಿಲವನ್ನುಂಟುಮಾಡುವ ಕ್ರಮವೂ ಗ್ರಾಮಗಳಲ್ಲಿ ಅದರ ಉಪಯೋಗವೂ

ಸೌದೆಯನ್ನು ಒಲೆಯಲ್ಲಿಟ್ಟು ಉರಿಸಿದರೆ ಶಾಖವು ದೊರೆಯುವುದೆಂಬುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಅದೇ ಸೌದೆಯನ್ನು ಕುಲುಮೆಯೊಂದರಲ್ಲಿ ತುಂಬಿ, ಗಾಳಿಯನ್ನು ಮಿತವಾಗಿ ಒಳಕ್ಕೆ ಬಿಟ್ಟು ಅರೆಯಾಗಿ ಸುಟ್ಟರೆ, ಉರಿಯುವ ಗುಣವುಳ್ಳ ಅನಿಲವೊಂದು ಹುಟ್ಟುತ್ತದೆ. ಈ ಅನಿಲವನ್ನು ಕೊಳವೆಯ ಮೂಲಕ ಬೇಕಾದ ಕಡೆಗೆ ಸಾಗಿಸಿ ಒಲೆಯನ್ನು ಉರಿಸಬಹುದು. ಶುದ್ಧಿಪಡಿಸಿದರೆ ಎಂಜಿನನ್ನು ನಡೆಸಿ ನೀರೆತ್ತಬಹುದು, ಹಿಟ್ಟು ಬೀಸಬಹುದು, ವಿದ್ಯುಚ್ಛಕ್ತಿಯನ್ನೂ ಪಡೆಯಬಹುದು. ಸಗಣಿಯನ್ನು ಕೊಳೆಯಿಸಿ ಪಡೆಯತಕ್ಕ ಗೊಬ್ಬರದ ಅನಿಲಕ್ಕೂ ಇದಕ್ಕೂ ಭೇದವುಂಟು. ಅದು ಸೂಕ್ಷ್ಮಜೀವಿಗಳ ಕೆಲಸದಿಂದ ನಿಧಾನವಾಗಿ ಹುಟ್ಟುವುದು. ಇದು ಬೆಂಕಿಯ ಕೆಲಸದಿಂದ ಕೆಲವು ನಿಮಿಷಗಳಲ್ಲಿಯೇ ಹುಟ್ಟುವುದು.

ಈ ಯಂತ್ರದ ವಿಷಯವಾಗಿ ಗ್ರಾಮಗಳಲ್ಲಿ ಎರಡು ಬಗೆಯ ಅಭಿಪ್ರಾಯಗಳಿವೆ. ಬಿಟ್ಟಿ ಸೌದೆಯಿಂದ ಬಿಟ್ಟಿ ವಿದ್ಯುತ್ತು ದೊರೆಯುವುದೆಂದು ಕೆಲವರು ನಂಬುತ್ತಾರೆ. ಎಲ್ಲಿಯೋ ಕೆಟ್ಟು ನಿಂತ ಯಂತ್ರವನ್ನು ನೋಡಿದವರು ಇದು ಕೈಗೆ ಹತ್ತದ ಕೆಲಸವೆಂದು ತಳ್ಳಿಹಾಕುತ್ತಾರೆ. ಎರಡೂ ಸರಿಯಲ್ಲ. ಒಣಗಿದ ಸೌದೆ, ಸಾಕಷ್ಟು ಕೆಲಸ, ತಿಳಿವಳಿಕೆಯುಳ್ಳ ಆಳು, ಈ ಮೂರೂ ಇದ್ದಲ್ಲಿ ಯಂತ್ರವು ವರ್ಷಗಟ್ಟಲೆ ನಡೆದಿದೆ. ಇವುಗಳಲ್ಲಿ ಒಂದು ತಪ್ಪಿದರೂ ನಡೆಯುವುದು ಕಷ್ಟ. ಆದುದರಿಂದ ಯಂತ್ರಕ್ಕೆ ಹಣವನ್ನು ಹಾಕುವುದಕ್ಕೆ ಮುಂಚೆ ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಪೂರ್ವಚರಿತ್ರೆ

ಈ ವಿದ್ಯೆಯು ಹೊಸದಲ್ಲ. ಜಾರ್ಜ್ ಇಂಬರ್ಟ್ ಎಂಬ ಫ್ರೆಂಚ್ ಶಿಲ್ಪಜ್ಞನು 1920ರ ದಶಕದಲ್ಲಿ ಸೌದೆಯ ತುಂಡುಗಳಿಂದ ಮೋಟಾರು ಗಾಡಿಯನ್ನು ನಡೆಸತಕ್ಕ ಕುಲುಮೆಯನ್ನು ಸಿದ್ಧಪಡಿಸಿದನು. 1939ರಲ್ಲಿ ಎರಡನೆಯ ಮಹಾಯುದ್ಧವು ಪ್ರಾರಂಭವಾಗಿ ಪೆಟ್ರೋಲು ಸಿಕ್ಕದಂತಾದಾಗ ಯೂರೋಪಿನ ದೇಶಗಳು ಈ ಕುಲುಮೆಯನ್ನೇ ಆಶ್ರಯಿಸಿದವು. ಸ್ವೀಡನ್ ದೇಶವೊಂದರಲ್ಲಿಯೇ 70,000ಕ್ಕೂ ಹೆಚ್ಚು ವಾಹನಗಳು ಸೌದೆ ಮತ್ತು ಇದ್ದಿಲಿನ ಅನಿಲದಿಂದ ಓಡಿದವು. ನಮ್ಮ ದೇಶದಲ್ಲಿಯೂ ಆ ಕಾಲದಲ್ಲಿ ಪೆಟ್ರೋಲಿಗೆ ಪಡಿತರದ ಕಟ್ಟು ಬಂದುದರಿಂದ ಬಸ್ಸುಗಳ ಹಿಂಭಾಗದಲ್ಲಿ ಇದ್ದಿಲಿನ ಕುಲುಮೆಯನ್ನು ಜೋಡಿಸಿ ನಡೆಸಲಾಯಿತು. ಇದ್ದಿಲು ಬಸ್ಸಿನ ಹೆಸರನ್ನು ಮನೆಯ ಹಿರಿಯರ ಬಾಯಿಂದ ಕೇಳಿದವರು ಈಗಲೂ ಇದ್ದಾರೆ.

ಯುದ್ಧವು ಮುಗಿದು ಪೆಟ್ರೋಲು ಅಗ್ಗವಾದೊಡನೆ ಜನರು ಈ ಕುಲುಮೆಗಳನ್ನು ಮೂಲೆಗೆ ಹಾಕಿದರು. 1973ರಲ್ಲಿ ಎಣ್ಣೆಯ ಬೆಲೆಯು ಒಮ್ಮೆಗೇ ಏರಿದ ಮೇಲೆ ವಿದ್ವಾಂಸರ ದೃಷ್ಟಿಯು ಪುನಃ ಈ ಕಡೆಗೆ ತಿರುಗಿತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು ಗ್ರಾಮಗಳಿಗೆ ವಿಜ್ಞಾನವನ್ನು ಒದಗಿಸುವುದಕ್ಕಾಗಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ಪ್ರಾರಂಭಿಸಿದರು. ಅದೇ ಸಂಸ್ಥೆಯ ಪ್ರೊಫೆಸರ್ ಎಚ್. ಎಸ್. ಮುಕುಂದ ಅವರೂ ಸಹೋದ್ಯೋಗಿಗಳೂ 1980ರ ದಶಕದಿಂದ ಮೇಲ್ಭಾಗವು ತೆರೆದಿರತಕ್ಕ ಒಂದು ಬಗೆಯ ಕುಲುಮೆಯನ್ನು ರೂಪಿಸಿ ಬೆಳೆಯಿಸಿದರು.

ಅನಿಲವು ಹುಟ್ಟುವ ಕ್ರಮ

ಗ್ಯಾಸಿಫೈಯರ್ ಎಂದು ಕರೆಯಲ್ಪಡುವ ಈ ಕುಲುಮೆಯು ನೆಟ್ಟಗೆ ನಿಂತಿರುವ ಉದ್ದನೆಯ ಪೀಪಾಯಿಯ ಆಕಾರದ್ದು. ಒಳಗಡೆ ಬೆಂಕಿಗೆ ತಡೆಯತಕ್ಕ ಇಟ್ಟಿಗೆ ಅಥವಾ ಗಾರೆಯ ಲೇಪವಿರುವುದು. ಸೌದೆಯ ಚಿಕ್ಕ ತುಂಡುಗಳನ್ನು ಮೇಲಿನಿಂದ ತುಂಬುತ್ತಾರೆ. ಗಾಳಿಯೂ ಅನಿಲವೂ ಮೇಲಿನಿಂದ ಕೆಳಮುಖವಾಗಿ ಎಳೆಯಲ್ಪಡುತ್ತವೆ. ಸೌದೆಯು ಕೆಳಕ್ಕೆ ಇಳಿಯುತ್ತ ನಾಲ್ಕು ಅವಸ್ಥೆಗಳನ್ನು ಹೊಂದುತ್ತದೆ.

ಮೊದಲನೆಯದಾಗಿ ಅದರಲ್ಲಿರುವ ನೀರು ಆರುತ್ತದೆ. ಎರಡನೆಯದಾಗಿ ಶಾಖದಿಂದ ಕಾದ ಸೌದೆಯು ಹೊಗೆಯನ್ನೂ ಜಿಡ್ಡಾದ ಡಾಂಬರಿನ ಆವಿಯನ್ನೂ ಬಿಟ್ಟು ತಾನು ಇದ್ದಿಲಾಗುತ್ತದೆ. ಮೂರನೆಯದಾಗಿ ಈ ಹೊಗೆಯೂ ಇದ್ದಿಲಿನ ಒಂದು ಭಾಗವೂ ಮಿತವಾದ ಗಾಳಿಯಲ್ಲಿ ಉರಿದು 1,000 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕ ಶಾಖವನ್ನು ಉಂಟುಮಾಡುತ್ತವೆ. ಕಡೆಯದಾಗಿ, ಉರಿದು ಹುಟ್ಟಿದ ಇಂಗಾಲದ ಡೈಆಕ್ಸೈಡೂ ನೀರಿನ ಆವಿಯೂ ಕೆಂಪಗೆ ಕಾದಿರುವ ಇದ್ದಿಲಿನ ಪದರದ ಮೂಲಕ ಹಾಯ್ದು ಹೋಗುವಾಗ ಇಂಗಾಲದ ಮಾನಾಕ್ಸೈಡಾಗಿಯೂ ಜಲಜನಕವಾಗಿಯೂ ಮಾರ್ಪಡುತ್ತವೆ. ಉರಿಯತಕ್ಕ ವಸ್ತುಗಳಲ್ಲಿ ಇವೆರಡೇ ಮುಖ್ಯವಾದವು. ಡಾಂಬರಿನ ಆವಿಯೂ ಈ ಕಾದ ಪದರದಲ್ಲಿ ಬಹುಮಟ್ಟಿಗೆ ಒಡೆದುಹೋಗುತ್ತದೆ. ಅನಿಲವನ್ನು ಕೆಳಮುಖವಾಗಿ ಎಳೆಯುವುದರ ಪ್ರಯೋಜನವು ಇದೇ ಆಗಿದೆ.

ಹೀಗೆ ದೊರೆತ ಅನಿಲದಲ್ಲಿ ನೂರಕ್ಕೆ ಸುಮಾರು 18ರಿಂದ 20 ಭಾಗ ಇಂಗಾಲದ ಮಾನಾಕ್ಸೈಡು, ಅಷ್ಟೇ ಜಲಜನಕ, ಒಂದೆರಡು ಭಾಗ ಮೀಥೇನ್ ಇರುತ್ತವೆ. ಉಳಿದುದರಲ್ಲಿ ಬಹುಭಾಗವು ಗಾಳಿಯೊಡನೆ ಬಂದ ಸಾರಜನಕ, ಅದು ಉರಿಯದು. ಆದುದರಿಂದ ಈ ಅನಿಲದ ಶಕ್ತಿಯು ಕಡಮೆ. ಘನ ಮೀಟರೊಂದಕ್ಕೆ 1,000ದಿಂದ 1,200 ಕಿಲೋಕ್ಯಾಲೊರಿಯಷ್ಟು ಮಾತ್ರ. ಅಡುಗೆಯ ಸಿಲಿಂಡರಿನ ಅನಿಲದಂತೆ ಇದನ್ನು ತುಂಬಿಟ್ಟು ಮಾರುವುದು ಲಾಭದಾಯಕವಲ್ಲ. ಹುಟ್ಟಿದೆಡೆಯಲ್ಲಿಯೇ ಹುಟ್ಟಿದಂತೆಯೇ ಉಪಯೋಗಿಸತಕ್ಕದ್ದು. ಒಂದು ಕಿಲೋಗ್ರಾಂ ಒಣಸೌದೆಯಿಂದ ಸುಮಾರು ಎರಡೂವರೆ ಘನ ಮೀಟರ್ ಅನಿಲವು ದೊರೆಯುತ್ತದೆ.

ಅನಿಲವನ್ನು ಶುದ್ಧಿಪಡಿಸುವುದು

ಕುಲುಮೆಯಿಂದ ಹೊರಟ ಅನಿಲವು ಬಿಸಿಯಾಗಿಯೂ ಬೂದಿ, ಮಸಿ, ಡಾಂಬರುಗಳಿಂದ ಕೂಡಿಯೂ ಇರುತ್ತದೆ. ಒಲೆಗೆ ಉಪಯೋಗಿಸುವುದಾದರೆ ಬೂದಿಯನ್ನು ಬೇರ್ಪಡಿಸಿದರೆ ಸಾಕು. ಎಂಜಿನಿಗೆ ಕೊಡುವುದಾದರೆ ಮೊದಲು ಅದನ್ನು ಸುತ್ತಿ ಸುಳಿಯುವಂತೆ ಮಾಡಿ ಬೂದಿಯನ್ನು ಕೆಳಗೆ ಬೀಳಿಸಬೇಕು. ಆಮೇಲೆ ನೀರಿನ ತುಂತುರಿನಿಂದ ತಣ್ಣಗೆ ಮಾಡಿ ತೊಳೆಯಬೇಕು. ಕಡೆಗೆ ಮರಳು ಅಥವಾ ಬಟ್ಟೆಯ ಶೋಧಕದ ಮೂಲಕ ಹಾಯಿಸಬೇಕು. ಇದರಲ್ಲಿ ಅಲಕ್ಷ್ಯಮಾಡಿದರೆ ಡಾಂಬರು ಎಂಜಿನಿನ ಕವಾಟಗಳಲ್ಲಿ ಅಂಟಿ ಅದನ್ನು ನಿಲ್ಲಿಸಿಬಿಡುತ್ತದೆ.

ಡೀಸೆಲ್ ಎಂಜಿನಿನಲ್ಲಿ ಈ ಅನಿಲವು ಒತ್ತಡದಿಂದ ತಾನಾಗಿ ಹತ್ತಿಕೊಳ್ಳದು. ಕಿಡಿಗಾಗಿ ಸ್ವಲ್ಪ ಡೀಸೆಲನ್ನು ಕೊಡುತ್ತಲೇ ಇರಬೇಕು. ಚೆನ್ನಾಗಿ ನಡೆಯುವ ಯಂತ್ರದಲ್ಲಿ ನೂರಕ್ಕೆ 70ರಿಂದ 80 ಭಾಗದಷ್ಟು ಡೀಸೆಲ್ ಉಳಿತಾಯವಾಗುತ್ತದೆ. ಕಿಡಿಯಿಂದ ಹೊತ್ತಿಸತಕ್ಕ ಎಂಜಿನುಗಳನ್ನಾದರೆ ಪೂರ್ತಿಯಾಗಿ ಅನಿಲದಿಂದಲೇ ನಡೆಸಬಹುದು. ಎರಡು ಬಗೆಯಲ್ಲಿಯೂ ಎಂಜಿನಿನ ಬಲವು ಕೊಂಚ ಕುಗ್ಗುವುದರಿಂದ, ಅಗತ್ಯಕ್ಕಿಂತ ತುಸು ದೊಡ್ಡ ಎಂಜಿನನ್ನು ಆರಿಸುವುದು ಯುಕ್ತ.

ಹೊಸಹಳ್ಳಿಯ ಅನುಭವ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯು ವಿದ್ಯುತ್ತಿನ ತಂತಿ ತಲಪಿರದ ಚಿಕ್ಕ ಗ್ರಾಮವಾಗಿತ್ತು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸಂಸ್ಥೆಯವರು 1988ರಲ್ಲಿ ಅಲ್ಲಿ ಸೌದೆಯ ಅನಿಲದ ಯಂತ್ರವನ್ನು ನಡೆಸಲಾರಂಭಿಸಿದರು. ಸುಮಾರು 5 ಅಶ್ವಶಕ್ತಿಯ ಚಿಕ್ಕ ಯಂತ್ರದಿಂದ ಪ್ರಾರಂಭವಾದ ಈ ಕೆಲಸವು ಮುಂದೆ 20 ಕಿಲೋವಾಟಿನ ಯಂತ್ರದವರೆಗೆ ಬೆಳೆಯಿತು. ಸೌದೆಗಾಗಿ ಗ್ರಾಮದಲ್ಲಿಯೇ ಬೇಗನೆ ಬೆಳೆಯತಕ್ಕ ಮರಗಳ ತೋಪನ್ನು ಎಬ್ಬಿಸಲಾಯಿತು. ಮನೆಗಳಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ನೀರಾವರಿ, ಇವೆಲ್ಲವೂ ಒಂದೇ ಯಂತ್ರದಿಂದ ಒದಗಿದವು. ಈ ಕೆಲಸದ ವರದಿಯನ್ನು ಪ್ರೊಫೆಸರ್ ಎನ್. ಎಚ್. ರವೀಂದ್ರನಾಥ್ ಅವರೂ ಅವರ ಸಹೋದ್ಯೋಗಿಗಳೂ 2004ರಲ್ಲಿ ಪ್ರಕಟಿಸಿದರು. ಅಷ್ಟುಹೊತ್ತಿಗೆ ಯಂತ್ರವು ಹದಿನಾಲ್ಕು ವರ್ಷಗಳಿಗೂ ಮೀರಿ ಕೆಲಸಮಾಡಿತ್ತು. ಕಡೆಯ ಆರು ವರ್ಷಗಳಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ದಿನಗಳಲ್ಲಿ ದೀಪವೂ ನೀರೂ ದೊರೆತಿದ್ದವು.

ಆ ವರದಿಯ ಒಂದು ಲೆಕ್ಕವನ್ನು ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸಬೇಕು. ಯಂತ್ರವು 5 ಕಿಲೋವಾಟಿನ ಕೆಲಸವನ್ನು ಮಾತ್ರ ಮಾಡುತ್ತಿದ್ದಾಗ ಉರುವಲು, ನಡೆಸುವಿಕೆ, ದುರಸ್ತಿಗಳ ವೆಚ್ಚವು ಒಂದು ಯೂನಿಟ್ ವಿದ್ಯುತ್ತಿಗೆ 5 ರೂಪಾಯಿ 85 ಪೈಸೆಯಷ್ಟಾಗುತ್ತಿತ್ತು; ಅದೇ ಯಂತ್ರವು ಪೂರ್ಣವಾದ 20 ಕಿಲೋವಾಟಿನ ಕೆಲಸವನ್ನು ಮಾಡಿದಾಗ ವೆಚ್ಚವು 3 ರೂಪಾಯಿ 34 ಪೈಸೆಗೆ ಇಳಿಯುತ್ತಿತ್ತು. ಬೆಲೆಗಳು ಆ ಕಾಲದವು. ಇಂದು ಮೊತ್ತಗಳು ಬೇರೆಯಾಗುತ್ತವೆ. ಆದರೆ ಅದರ ತತ್ತ್ವವು ಬದಲಾಗದು. ಯಂತ್ರವನ್ನು ಕಾಯುವ ಆಳಿನ ಸಂಬಳವು ಕೆಲಸ ಕಡಮೆಯಾಯಿತೆಂದು ಕಡಮೆಯಾಗುವುದಿಲ್ಲ. ಅರೆಹೊರೆಯಲ್ಲಿ ನಡೆಯುವ ಕುಲುಮೆಯಲ್ಲಿ ಶಾಖವು ತಗ್ಗಿ ಡಾಂಬರೂ ಹೆಚ್ಚಾಗುತ್ತದೆ. ಆದುದರಿಂದ ನಾಲ್ಕು ದೀಪಗಳಿಗಾಗಿ ದೊಡ್ಡ ಯಂತ್ರವನ್ನು ತರುವುದು ಎರಡು ವಿಧದಲ್ಲಿಯೂ ನಷ್ಟವೇ ಸರಿ. ಸಂಜೆ ದೀಪ, ಹಗಲು ಗಿರಣಿ ಮತ್ತು ನೀರೆತ್ತುವಿಕೆ ಎಂಬಂತೆ ಕೆಲಸಗಳನ್ನು ಮೊದಲೇ ಹೊಂದಿಸಿಟ್ಟುಕೊಂಡು, ಆ ಹೊರೆಗೆ ತಕ್ಕ ಯಂತ್ರವನ್ನು ತರಬೇಕು.

ಸೌದೆಯ ಲೆಕ್ಕ

ತುಮಕೂರು ಜಿಲ್ಲೆಯಲ್ಲಿಯೇ ಕಬ್ಬಿಗೆರೆ ಎಂಬಲ್ಲಿ ಇಂಥ ಯಂತ್ರಗಳನ್ನು ಸ್ಥಾಪಿಸಿ 2007ರಿಂದ ವಿದ್ಯುತ್ತನ್ನು ಸರಬರಾಯಿ ಕಂಪೆನಿಯ ತಂತಿಗಳಿಗೆ ಸೇರಿಸಲಾಯಿತು. ಅಲ್ಲಿನ 100 ಕಿಲೋವಾಟಿನ ಯಂತ್ರವನ್ನು ಪರೀಕ್ಷಿಸಿದಾಗ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 1.36 ಕಿಲೋಗ್ರಾಂ ಸೌದೆಯು ಖರ್ಚಾಯಿತು. ಈ ಅಂಕಿಯಿಂದ ಯಾವ ಗ್ರಾಮದವರಾದರೂ ತಮ್ಮ ಅಗತ್ಯವನ್ನು ತಾವೇ ಲೆಕ್ಕಹಾಕಬಹುದು.

ಉದಾಹರಣೆಗೆ, ಒಂದು ಗ್ರಾಮಕ್ಕೆ ದಿನಕ್ಕೆ 5 ಗಂಟೆಗಳಂತೆ ವರ್ಷದಲ್ಲಿ 300 ದಿನ 10 ಕಿಲೋವಾಟಿನ ಶಕ್ತಿಯು ಬೇಕೆಂದಿಟ್ಟುಕೊಳ್ಳೋಣ. ಒಟ್ಟು 15,000 ಯೂನಿಟ್ಟುಗಳಾದವು. ಇದಕ್ಕೆ 20 ಟನ್ನಿಗೂ ಸ್ವಲ್ಪ ಮಿಕ್ಕು ಒಣಸೌದೆ ಬೇಕಾಗುತ್ತದೆ. ಮಳೆಯ ಆಶ್ರಯದಲ್ಲಿರುವ ತೋಪಿನಲ್ಲಿ ಹೆಕ್ಟೇರಿಗೆ ವರ್ಷಕ್ಕೆ 5 ಟನ್ನು ದೊರೆಯುವುದೆಂದು ಎಣಿಸಿದರೆ 4 ಹೆಕ್ಟೇರ್, ಎಂದರೆ ಸುಮಾರು 10 ಎಕರೆ ತೋಪು ಬೇಕು. ಬಡನೆಲದಲ್ಲಿ ಇನ್ನೂ ಹೆಚ್ಚು ಬೇಕಾಗುವುದು. ನೆಟ್ಟ ಗಿಡಗಳು ಕಡಿಯುವುದಕ್ಕೆ ಬರಲು ಕೆಲವು ವರ್ಷಗಳು ಹಿಡಿಯುತ್ತವೆ. ಯಂತ್ರವಾದರೋ ಕೆಲವು ತಿಂಗಳಲ್ಲಿ ಬರುತ್ತದೆ. ತೋಪಿಲ್ಲದೆ ಯಂತ್ರವನ್ನು ತಂದರೆ ಅದು ಊರಿನ ಗೋಮಾಳದ ಮರಗಳನ್ನೂ, ಬಡವರ ಒಲೆಗೆ ಸೇರಬೇಕಾದ ಪುಳ್ಳೆಯನ್ನೂ ನುಂಗುತ್ತದೆ. ತೋಪು ಮೊದಲು, ಯಂತ್ರ ಆಮೇಲೆ ಎಂಬ ನಿಯಮವನ್ನು ಮೀರಬಾರದು. ಕಡಿದಷ್ಟನ್ನು ಪುನಃ ಬೆಳೆಸಿದಲ್ಲಿ ಮಾತ್ರ ಈ ಉರುವಲು ಎಂದೂ ತೀರದ ಉರುವಲೆಂದು ಹೇಳಿಸಿಕೊಳ್ಳಲು ಅರ್ಹವಾಗುತ್ತದೆ.

ಹೊಲದ ಬದುಗಳಲ್ಲಿ ಗ್ಲಿರಿಸಿಡಿಯ, ಸುಬಾಬುಲ್, ಹೊಂಗೆ ಮುಂತಾದವನ್ನು ಬೆಳೆಸಿದರೆ ಸೊಪ್ಪು ಗೊಬ್ಬರಕ್ಕೂ ಕೊಂಬೆಗಳು ಕುಲುಮೆಗೂ ಆಗುತ್ತವೆ. ನೀಲಗಿರಿಯು ಅಂತರ್ಜಲವನ್ನು ಕುಗ್ಗಿಸುವುದೆಂಬ ಕಾರಣದಿಂದ ಹೊಸದಾಗಿ ಅದನ್ನು ನೆಡುವುದನ್ನು ಕರ್ನಾಟಕ ಸರ್ಕಾರವು 2017ರಲ್ಲಿ ನಿಷೇಧಿಸಿತು. ಪಾಳುನೆಲಗಳಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯು ಒಳ್ಳೆಯ ಉರುವಲು. ಅದನ್ನು ತೆಗೆಯುವುದರಿಂದ ನೆಲವೂ ಶುದ್ಧಿಯಾಗುತ್ತದೆ. ಮರಗಳನ್ನು ಕಡಿಯುವುದಕ್ಕೆ ಮುಂಚೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಅಪ್ಪಣೆ ಬೇಕೇ ಎಂಬುದನ್ನು ಅರಣ್ಯ ಇಲಾಖೆಯ ಅಧಿಕಾರಿಗಳಿಂದ ತಿಳಿದುಕೊಳ್ಳತಕ್ಕದ್ದು.

ಬೆಳೆಯ ಶೇಷಗಳಲ್ಲಿ ತೆಂಗಿನ ಕರಟವು ಅತ್ಯುತ್ತಮವಾದುದು. ಹಿಪ್ಪುನೇರಳೆಯ ಕಡ್ಡಿ, ಹತ್ತಿಯ ಕಡ್ಡಿ, ಮೆಕ್ಕೆಜೋಳದ ದಿಂಡು, ಇವನ್ನು ತುಂಡರಿಸಿ ಅಥವಾ ಒತ್ತಿ ಗಟ್ಟಿಮಾಡಿ ಉಪಯೋಗಿಸಬಹುದು. ಭತ್ತದ ಹೊಟ್ಟಿನಲ್ಲಿ ನೂರಕ್ಕೆ ಸುಮಾರು 20 ಭಾಗ ಬೂದಿಯಿರುವುದರಿಂದ ಸೌದೆಯ ಕುಲುಮೆಯಲ್ಲಿ ಅದನ್ನು ಹಾಕಿದರೆ ದಾರಿ ಕಟ್ಟಿಕೊಳ್ಳುತ್ತದೆ; ಅದಕ್ಕೆ ಬೇರೆ ಮಾದರಿಯ ಕುಲುಮೆಗಳುಂಟು. ಒಂದು ಉರುವಲಿಗಾಗಿ ಮಾಡಿದ ಕುಲುಮೆಯಲ್ಲಿ ಸಿಕ್ಕಸಿಕ್ಕದ್ದನ್ನೆಲ್ಲ ತುಂಬುವುದೇ ಅನೇಕ ಯಂತ್ರಗಳು ಕೆಡುವುದಕ್ಕೆ ಕಾರಣ.

ಸೌದೆಯನ್ನು ಒಣಗಿಸುವುದು

ಹಸಿಯ ಮರದಲ್ಲಿ ತೂಕದ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಅಂಥ ಸೌದೆಯನ್ನು ಕುಲುಮೆಗೆ ಹಾಕಿದರೆ ಶಾಖವೆಲ್ಲವೂ ನೀರನ್ನು ಆರಿಸುವುದರಲ್ಲಿಯೇ ವ್ಯಯವಾಗಿ, ಅನಿಲವು ನಿಸ್ಸಾರವಾಗುತ್ತದೆ, ಡಾಂಬರು ಹೆಚ್ಚುತ್ತದೆ. ನೀರಿನ ಅಂಶವು ನೂರಕ್ಕೆ 15 ಭಾಗಕ್ಕಿಂತ ಮೀರದಿರುವುದು ಉತ್ತಮ. ಇದಕ್ಕಾಗಿ ಮರವನ್ನು ಬೇಸಗೆಗೆ ಮುಂಚೆಯೇ ಕಡಿದು, ಚಿಕ್ಕ ಯಂತ್ರಗಳಿಗಾದರೆ ಒಂದೆರಡು ಅಂಗುಲದ ತುಂಡುಗಳನ್ನಾಗಿ ಮಾಡಿ, ಬಿಸಿಲಿನಲ್ಲಿ ಹರಡಿ ಒಣಗಿಸಬೇಕು. ಮಳೆಗಾಲಕ್ಕೆ ಬೇಕಾದಷ್ಟನ್ನು ನೆಲದಿಂದ ಎತ್ತರವಾದ ಅಟ್ಟಣೆಯ ಮೇಲೆ, ಗಾಳಿಯಾಡುವ ಮಾಡಿನ ಕೆಳಗೆ ಶೇಖರಿಸಿಡಬೇಕು. ಈ ಮಾಡನ್ನು ಕಟ್ಟದೆ ಯಂತ್ರವನ್ನು ಮಾತ್ರ ಕೊಂಡವರು ಆಷಾಢದಲ್ಲಿ ಅದನ್ನು ನಿಲ್ಲಿಸಬೇಕಾಗುತ್ತದೆ.

ನೀರಿನ ಅಂಶವನ್ನು ಪರೀಕ್ಷಿಸುವ ಕ್ರಮವು ಸುಲಭ. ಒಂದು ಕಿಲೋಗ್ರಾಂ ತುಂಡುಗಳನ್ನು ತೂಗಿ, ನೀರು ಕುದಿಯುವ ಶಾಖಕ್ಕಿಂತ ಸ್ವಲ್ಪವೇ ಹೆಚ್ಚಾದ ಶಾಖದಲ್ಲಿ, ಸುಡದಂತೆ ನೋಡಿಕೊಂಡು, ತೂಕವು ಇನ್ನು ಇಳಿಯದೆಂಬವರೆಗೆ ಒಣಗಿಸಬೇಕು. 850 ಗ್ರಾಂ ಉಳಿದರೆ ನೀರಿನ ಅಂಶವು ನೂರಕ್ಕೆ 15 ಎಂದು ತಿಳಿಯಬೇಕು. 700 ಗ್ರಾಂ ಉಳಿದರೆ ಆ ರಾಶಿಯು ಇನ್ನೂ ಬಿಸಿಲನ್ನು ಕಾಣಬೇಕು.

ಶಾಖಕ್ಕಾಗಿ ಉಪಯೋಗಿಸುವುದು

ಹೊಸಹಳ್ಳಿಯ ಕಾಲದಂತಲ್ಲದೆ ಇಂದು ನಮ್ಮ ಗ್ರಾಮಗಳಿಗೆ ವಿದ್ಯುತ್ತಿನ ತಂತಿಗಳು ಬಂದಿವೆ. ದೀಪಕ್ಕೂ ಹಗಲಿನ ಪಂಪಿಗೂ ಸೂರ್ಯನ ಬಿಸಿಲಿನ ಫಲಕಗಳೂ ದೊರೆಯುತ್ತಿವೆ. ಹೀಗಿರುವಲ್ಲಿ ಕೇವಲ ದೀಪಕ್ಕಾಗಿ ಸೌದೆಯ ಯಂತ್ರವನ್ನು ಇಡಬೇಕೆಂದು ಹೇಳಲಾಗದು. ಆದರೆ ಅಡಿಕೆಯನ್ನು ಬೇಯಿಸಿ ಒಣಗಿಸುವುದು, ಏಲಕ್ಕಿಯನ್ನು ಹದಮಾಡುವುದು, ರೇಷ್ಮೆಗೂಡುಗಳನ್ನು ಬೇಯಿಸಿ ನೂಲು ತೆಗೆಯುವುದು, ಇವೇ ಮೊದಲಾದ ಕೆಲಸಗಳಿಗೆ ಇಂದಿಗೂ ಗಾಡಿಗಟ್ಟಲೆ ಸೌದೆಯು ಖರ್ಚಾಗುತ್ತಲೇ ಇದೆ. ಇಲ್ಲಿ ಅನಿಲದ ಒಲೆಯು ಬಹು ಉಪಯುಕ್ತವಾದುದು. ಉರಿಯನ್ನು ಕವಾಟದಿಂದ ಹೆಚ್ಚುಕಡಮೆ ಮಾಡಬಹುದು, ಹೊಗೆಯಿಲ್ಲದಿರುವುದರಿಂದ ಪದಾರ್ಥದ ಬಣ್ಣವೂ ಕೆಲಸಗಾರರ ಕಣ್ಣುಗಳೂ ಕೆಡುವುದಿಲ್ಲ, ಸೌದೆಯೂ ಉಳಿಯುತ್ತದೆ. ಎಂಜಿನಿಗೆ ಬೇಕಾದಷ್ಟು ಶುದ್ಧಿಯು ಬೇಕಿಲ್ಲವಾದುದರಿಂದ ಯಂತ್ರವೂ ಸರಳವಾದುದು. ದೆಹಲಿಯ ಟೆರಿ ಸಂಸ್ಥೆಯವರು 1990ರ ದಶಕದಲ್ಲಿ ನೂಲು ಬಿಚ್ಚುವ ಒಲೆಗಳಿಗಾಗಿ ಇಂಥ ಕುಲುಮೆಯನ್ನು ರೂಪಿಸಿದರು. ಮೊದಲ ಸಾರಿ ಈ ಕೆಲಸಕ್ಕೆ ಕೈಹಾಕುವವರು ಎಂಜಿನಿಗಿಂತ ಒಲೆಯಿಂದಲೇ ಪ್ರಾರಂಭಿಸುವುದು ಕ್ಷೇಮ.

ಎಚ್ಚರಿಕೆಗಳು

1. ಇಂಗಾಲದ ಮಾನಾಕ್ಸೈಡು ಬಣ್ಣವೂ ವಾಸನೆಯೂ ಇಲ್ಲದ ಘೋರ ವಿಷ. ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಒಂದು ಭಾಗದಷ್ಟು ಬೆರೆತರೂ ಕೆಲವೇ ನಿಮಿಷಗಳಲ್ಲಿ ಪ್ರಾಣಹಾನಿಯಾಗಬಹುದು. ಯಂತ್ರವನ್ನು ಗೋಡೆಗಳಿಲ್ಲದ, ಗಾಳಿಯು ಧಾರಾಳವಾಗಿ ಆಡುವ ಮಾಡಿನ ಕೆಳಗೇ ಇಡಬೇಕು. ಚಳಿಗಾಲದಲ್ಲಿ ಬೆಚ್ಚಗಿರುವುದೆಂದು ಅದರ ಬಳಿ ಯಾರನ್ನೂ ಮಲಗಗೊಡಬಾರದು. ಕೆಲಸಗಾರನಿಗೆ ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಕೂಡಲೇ ಬಯಲಿಗೆ ಕರೆತಂದು ವೈದ್ಯರನ್ನು ಕಾಣಿಸಬೇಕು.

2. ಕೊಳವೆಗಳಲ್ಲಿ ಗಾಳಿಯೂ ಅನಿಲವೂ ಬೆರೆತಿರುವಾಗ ಕಿಡಿ ಸೋಕಿದರೆ ಸಿಡಿಯುತ್ತದೆ. ಪ್ರಾರಂಭಿಸುವಾಗ ಮೊದಲು ಗಾಳಿಯನ್ನು ಹೊರದೂಡಿ, ಅನಿಲವನ್ನು ಹೊರಗಿನ ಬತ್ತಿಯಲ್ಲಿ ಉರಿಸಿ, ಉರಿಯು ಸ್ಥಿರವಾದ ಮೇಲೆಯೇ ಎಂಜಿನಿಗೆ ತಿರುಗಿಸಬೇಕು. ಕುಲುಮೆಯು ಆರದೆ ಯಾರೂ ಮುಚ್ಚಳವನ್ನು ತೆಗೆಯಬಾರದು.

3. ಅನಿಲವನ್ನು ತೊಳೆದ ನೀರು ಕಪ್ಪಾಗಿಯೂ ವಿಷಯುಕ್ತವಾಗಿಯೂ ಇರುತ್ತದೆ. ಅದನ್ನು ಕೆರೆ, ಬಾವಿ, ಕಾಲುವೆಗಳಿಗೆ ಬಿಡಕೂಡದು. ತೊಟ್ಟಿಯಲ್ಲಿ ತಿಳಿಯಾಗಿಸಿ, ಶುದ್ಧಿಮಾಡಿ, ಪುನಃ ಯಂತ್ರಕ್ಕೇ ಉಪಯೋಗಿಸತಕ್ಕದ್ದು.

4. ಕುಲುಮೆಯ ಕೆಳಗೆ ಬೀಳುವ ಇದ್ದಿಲಿನ ಪುಡಿಯನ್ನೂ ಬೂದಿಯನ್ನೂ ಕೆಂಡ ಆರಿದ ಬಳಿಕ ತಿಪ್ಪೆಯ ಗೊಬ್ಬರದೊಡನೆ ಸೇರಿಸಿ ಹೊಲಕ್ಕೆ ಹಾಕಬಹುದು.

ನಿಶ್ಚಯಿಸುವುದಕ್ಕೆ ಮುಂಚೆ

ಯಂತ್ರವನ್ನು ಮಾರುವವರು ಊರಿಗೆ ಬಂದಾಗ ಅದರ ಬೆಲೆಯನ್ನು ಕೇಳುವುದಕ್ಕೆ ಮೊದಲು ಗ್ರಾಮದವರು ಪಂಚಾಯಿತಿಯಲ್ಲಿ ಕುಳಿತು ನಾಲ್ಕು ಪ್ರಶ್ನೆಗಳಿಗೆ ತಾವೇ ಉತ್ತರವನ್ನು ಬರೆದಿಟ್ಟುಕೊಳ್ಳಬೇಕು. ವರ್ಷಕ್ಕೆ ಎಷ್ಟು ಟನ್ನು ಒಣಸೌದೆ ಬೇಕು, ಅದು ಯಾರ ನೆಲದಿಂದ ಬರುತ್ತದೆ? ದಿನಕ್ಕೆ ಎಷ್ಟು ಗಂಟೆ, ಯಾವ ಯಾವ ಕೆಲಸಗಳಿಗೆ ಯಂತ್ರವು ನಡೆಯುತ್ತದೆ? ಅದನ್ನು ನಡೆಸಲು ಕಲಿಯುವ ಇಬ್ಬರು ಯುವಕರು ಯಾರು, ಅವರ ಸಂಬಳ ಎಲ್ಲಿಂದ? ಕೆಟ್ಟಾಗ ದುರಸ್ತಿಮಾಡುವವರು ಎಷ್ಟು ದೂರದಲ್ಲಿದ್ದಾರೆ? ಇಬ್ಬರನ್ನು ಕಲಿಸಬೇಕೆಂದು ಹೇಳಿರುವುದಕ್ಕೆ ಕಾರಣವುಂಟು. ಕಲಿತವನೊಬ್ಬನೇ ಆಗಿದ್ದರೆ ಅವನು ಪಟ್ಟಣಕ್ಕೆ ಹೊರಟುಹೋದ ದಿನವೇ ಯಂತ್ರವೂ ನಿಲ್ಲುತ್ತದೆ.

ಈ ನಾಲ್ಕಕ್ಕೂ ಉತ್ತರ ದೊರೆತಲ್ಲಿ ಯಂತ್ರವನ್ನು ಧೈರ್ಯವಾಗಿ ತರಬಹುದು. ಒಂದಕ್ಕೆ ಉತ್ತರವಿಲ್ಲದಿದ್ದರೂ ಆ ವರ್ಷ ಯಂತ್ರಕ್ಕಾಗಿ ಹಣವನ್ನು ಕಟ್ಟದೆ, ಮುಂಗಾರಿನಲ್ಲಿ ಬದುಗಳ ಮೇಲೆಯೂ ಪಾಳುನೆಲದಲ್ಲಿಯೂ ಗಿಡಗಳನ್ನು ನೆಡುವುದು ಲೇಸು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಈ ಕೆಲಸದಲ್ಲಿ ಅಕ್ಷರಶಃ ನಿಜ. ತೋಪು ಇದ್ದಷ್ಟೇ ಅನಿಲ. ಯಂತ್ರವು ಬಾರದೆ ಹೋದರೂ ನೆಟ್ಟ ಗಿಡಗಳು ನೆರಳನ್ನೂ ಸೊಪ್ಪನ್ನೂ ಸೌದೆಯನ್ನೂ ಕೊಡುತ್ತವೆ. ಅವುಗಳಿಂದ ಗ್ರಾಮಕ್ಕೆ ಯಾವ ನಷ್ಟವೂ ಇಲ್ಲ.